ಬಣ್ಣ ಒಣಗದ ದೋಣಿ

ಕಾಪುವಿನ ಮೊಗವೀರರ ಮನೆಯಲ್ಲಿ ಹುಟ್ಟಿದರೂ ಲೀಲಾಧರ ಬಲೆ ಹಿಡಿಯಲಿಲ್ಲ. ಬೊಂಬಾಯಿಗೆ ಹೋಗಿ ಕಲಿತು, ಮದ್ರಾಸಿನಿಂದ ಅಂಡಮಾನಿಗೆ ಜನರನ್ನು ಒಯ್ಯುವ ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆದ. ನಕ್ಷೆಯ ಮೇಲೆ ದಾರಿ ಗುರುತಿಸುವುದು, ಮಧ್ಯಾಹ್ನದ ಪಾಳಿಯಲ್ಲಿ ಹಡಗು ಆ ದಾರಿ ಬಿಡದಂತೆ ನೋಡಿಕೊಳ್ಳುವುದು ಅವನ ಕೆಲಸ.

೧೯೭೮ರ ಫೆಬ್ರವರಿ. ಕಡಲು ಎಣ್ಣೆ ಸುರಿದಂತೆ ಅಲುಗದೆ ಮಲಗಿತ್ತು. ದುರ್ಬೀನಿನಲ್ಲಿ ಒಂದು ಮರದ ದೋಣಿ ಕಂಡಿತು. ಸುತ್ತ ಎಲ್ಲೂ ದಡವಿಲ್ಲ. ದೋಣಿಯ ಮೂತಿಯನ್ನು ಲೀಲಾಧರ ಮತ್ತೊಮ್ಮೆ ನೋಡಿದ. ಅದು ಅವನೂರಿನವರು ಕಟ್ಟುವ ದೋಣಿ. ಬಂಗಾಳ ಕೊಲ್ಲಿಯಲ್ಲಿ ಅದಕ್ಕೆ ಎಂತ ಕೆಲಸ?

ಕ್ಯಾಪ್ಟನ್ ಎಡ್ಮಂಡ್ ಮಂಗಳೂರು ಕಡೆಯವರು. "ಹೋಗಿ ನೋಡಿ ಬಾ. ಯಾರಾದರೂ ಪ್ರಜ್ಞೆ ತಪ್ಪಿ ಬಿದ್ದಿರಬಹುದು" ಎಂದು ಹಡಗು ನಿಲ್ಲಿಸಿದರು.

ಖಲಾಸಿ ಆಲ್ಫೋನ್ಸನ ಜೊತೆ ಲೀಲಾಧರ ಹಡಗಿನ ಸಣ್ಣ ದೋಣಿಯಲ್ಲಿ ಹೋದ. ಆ ಮರದ ದೋಣಿಯೊಳಗೆ ಯಾರೂ ಇರಲಿಲ್ಲ. ಹಲಗೆಗೆ ಬಳಿದ ಗೇರೆಣ್ಣೆಯ ಹೊಸ ವಾಸನೆ. ಹುಟ್ಟುಗಳ ಪಕ್ಕ ಮುಚ್ಚಿದ ಪಾತ್ರೆ. ಆಲ್ಫೋನ್ಸ್ ಮುಚ್ಚಳ ತೆಗೆದ. ಗಂಜಿಯಿಂದ ಹಬೆ ಎದ್ದಿತು.

"ಸರ್, ಇದು ಈಗ ಒಲೆಯಿಂದ ಇಳಿಸಿದ್ದು. ಇಲ್ಲಿ ಒಲೆ ಎಲ್ಲಿ ಉಂಟು?" ಅಂದವನು ಶಿಲುಬೆಯ ಗುರುತು ಮಾಡಿಕೊಂಡ.

ಮೂತಿಯ ಮೇಲೆ ನೀಲಿ ಬಣ್ಣದಲ್ಲಿ 'ಆಪ್ಪಿ' ಎಂದು ಬರೆದಿತ್ತು. ಲೀಲಾಧರ ಮುಟ್ಟಿದ. ಬಣ್ಣ ಬೆರಳಿಗೆ ಅಂಟಿತು.

ಹಡಗು ಬಹಳ ಹೊತ್ತು ಸುತ್ತು ಹಾಕಿತು, ಸೈರನ್ ಕೂಗಿತು. ನೀರಿನಲ್ಲಿ ಯಾರೂ ಸಿಗಲಿಲ್ಲ. ಪೋರ್ಟ್ ಬ್ಲೇರಿಗೆ ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸಿ ಮುಂದೆ ಹೋದರು. ಆ ದೋಣಿಯನ್ನು ಮತ್ತೆ ಯಾರೂ ನೋಡಲಿಲ್ಲ.

ಏಪ್ರಿಲಿನಲ್ಲಿ ರಜೆ ಸಿಕ್ಕಿ ಅವನು ಊರಿಗೆ ಬಂದ. ಆ ಹೊತ್ತಿಗೆ ತಂಗಿ ಅಕ್ಕುವಿಗೆ ಹೆಣ್ಣು ಮಗುವಾಗಿತ್ತು. ಅವಳ ಗಂಡ ಚಂದು ಹೊಸ ದೋಣಿ ಕಟ್ಟಿಸಿ, ದೀಪಸ್ತಂಭದ ಬಳಿಯ ಮರಳಿನಲ್ಲಿ ಇಟ್ಟಿದ್ದ. ಲೀಲಾಧರ ಹೋದಾಗ ಮೂತಿಗೆ ಹೆಸರು ಬರೆಯುತ್ತಿದ್ದ. ನೀಲಿ ಬಣ್ಣ. 'ಆಪ್ಪಿ'.

"ಭಾವ, ಈ ದೋಣಿ ಒಮ್ಮೆ ನೀರಿಗೆ ಇಳಿದಿತ್ತಾ?"

"ಎಂತ ಕೇಳ್ತೀ ಮಾರಾಯ? ಬಣ್ಣವೇ ಒಣಗಲಿಲ್ಲ. ಮಗುವಿನ ಹೆಸರು ಅಪ್ಪಿ ಅಂತ ಇಟ್ಟೆವು. ದೀರ್ಘ ಒಂದು ಹೆಚ್ಚಾಯಿತು, ಅಲ್ವಾ? ಇರಲಿ."

ಲೀಲಾಧರ ದೋಣಿಯಿಂದ ಹಿಂದೆ ಸರಿದ. ಮನೆಗೆ ಬಂದು ಅಕ್ಕುವಿಗೆ ಎಲ್ಲವನ್ನೂ ಹೇಳಿದ. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಕೇಳಿದಳು.

"ಒಳಗೆ ಯಾರೂ ಇರಲಿಲ್ವಾ ಅಣ್ಣ?"

"ಇರಲಿಲ್ಲ."

ದೋಣಿ ಇಳಿಸುವ ದಿನ ಜನ ಸೇರಿದ್ದರು. ಅಕ್ಕು ಮಗುವಿನೊಂದಿಗೆ ದೋಣಿ ಹತ್ತಿ, ಇದನ್ನು ನೀರಿಗೆ ಇಳಿಸುವುದು ಬೇಡ ಎಂದು ಕುಳಿತಳು. ಚಂದು ಗದರಿದ, ಬೇಡಿಕೊಂಡ. ಅವಳು ಇಳಿಯಲಿಲ್ಲ. ಜನ ನಕ್ಕರು. ಕೊನೆಗೆ ಚಂದು ಹುಟ್ಟು ಬಿಸಾಡಿ, ಲೀಲಾಧರನ ಮುಖಕ್ಕೆ ನೇರವಾಗಿ, "ನಿನ್ನ ಹುಚ್ಚು ನನ್ನ ಮನೆಗೆ ತಂದೆ. ಇನ್ನು ಬರಬೇಡ" ಎಂದ.

ದೋಣಿ ಮರಳಿನಲ್ಲೇ ಉಳಿಯಿತು. ಜೂನಿನ ಒಂದು ಹಗಲು ಕಡಲು ಉಕ್ಕಿ ಅದನ್ನು ಎತ್ತಿಕೊಂಡಿತು. ನೋಡಿದವರು ಇವತ್ತಿಗೂ ಹೇಳುತ್ತಾರೆ: ಗಾಳಿ ದಡದ ಕಡೆಗೆ ಬೀಸುತ್ತಿತ್ತು, ತೆರೆಗಳೂ ದಡಕ್ಕೇ ಬರುತ್ತಿದ್ದವು. ದೋಣಿ ಮಾತ್ರ ಯಾರೋ ಕುಳಿತು ಹುಟ್ಟು ಹಾಕುತ್ತಿರುವಂತೆ ನೆಟ್ಟಗೆ ಪಡುವಣಕ್ಕೆ ಹೋಯಿತು.

ಚಂದು ಮಲ್ಪೆಯ ಟ್ರಾಲರ್ ಬೋಟಿನಲ್ಲಿ ಕೆಲಸ ಹಿಡಿದ. ಭಾವನ ಜೊತೆ ಮಾತು ಬಿಟ್ಟ. ಲೀಲಾಧರ ಅಂಡಮಾನ್ ಹಡಗಿನಲ್ಲೇ ಮುಂದುವರಿದ. ತಾನು ಒಂದು ಜೀವ ಉಳಿಸಿದೆನೋ, ಸುಮ್ಮನೆ ಒಂದು ಮನೆ ಒಡೆದೆನೋ ಅವನಿಗೆ ತಿಳಿಯಲಿಲ್ಲ. ಪಾಳಿಯಲ್ಲಿ ಕಡಲು ಅಲುಗದೆ ಮಲಗಿದಾಗಲೆಲ್ಲ ಅವನು ದುರ್ಬೀನು ಎತ್ತಿಕೊಳ್ಳುತ್ತಿದ್ದ.

೧೯೮೫ರಲ್ಲಿ ಉಡುಪಿಯ ಬಸ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಯಾರೋ ಅವನ ಚೀಲ ಹಿಡಿದೆಳೆದರು. ತಿರುಗಿದರೆ ಚಂದು, ತಲೆ ಅರ್ಧ ನರೆತಿತ್ತು.

"ಕಾಪು ಬಸ್ಸು ಅತ್ತ ಉಂಟು ಭಾವ," ಎಂದು ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡ. "ನಿನ್ನ ಕಾಗದ ಬಂತು ಅಂತ ಅಕ್ಕು ಮೀನು ತಂದಿಟ್ಟಿದ್ದಾಳೆ. ಬಾ."