ಎರಡು ಪಾಗಾರ, ಒಂದು ಗೇಣು ಸಂದು

ಫೈನೈಟ್ ಎಲಿಮೆಂಟ್ ಎಂಬ ಪೀಡೆಯನ್ನು ನಾನು ಕಲಿಯಲು ಹೊರಟದ್ದು ಜ್ಞಾನದಾಹದಿಂದೇನಲ್ಲ. ಮೂಡುಬಿದಿರೆಯಲ್ಲಿ ಎಂ.ಟೆಕ್ ಮಾಡುತ್ತಿದ್ದೆ, ಪ್ರಾಜೆಕ್ಟಿಗೆ ಒಂದು ವಿಷಯ ಬೇಕಿತ್ತು; ಬೆಳುವಾಯಿಯ ನಮ್ಮ ಮನೆಯ ಪಾಗಾರ, ಅಂದರೆ ಅಂಗಳದ ಗಡಿಗೋಡೆ, ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಈ ಮಳೆಗಾಲಕ್ಕೆ ಅದು ನಿಲ್ಲುತ್ತದೋ ಬೀಳುತ್ತದೋ ಎಂಬುದೇ ಪ್ರಶ್ನೆ. ಬಿದ್ದರೆ ಕೆಳಗಿರುವ ದೊಡ್ಡಪ್ಪನ ಬಚ್ಚಲುಮನೆಯ ಮೇಲೆಯೇ ಬೀಳಬೇಕು.

"ಬೀಳ್ಲಿ" ಎಂದರು ಅಪ್ಪ.

ದೊಡ್ಡಪ್ಪ ಅಪ್ಪನ ಸ್ವಂತ ಅಣ್ಣ. ಆಸ್ತಿ ಪಾಲಾದ ಮೇಲೆ ಇಬ್ಬರಿಗೂ ಮಾತಿಲ್ಲ. ಅಪ್ಪನ ಬಾಯಲ್ಲಿ ಅವರು "ಕೆಳಗಿನ ಮನೆಯವ". ನಮ್ಮ ಅಂಗಳ ಎತ್ತರದಲ್ಲಿ, ಅವರದು ತಗ್ಗಿನಲ್ಲಿ. ನಡುವೆ ಮಣ್ಣು ತಡೆಯಲು ಒಂದು ಗಟ್ಟಿ ಗೋಡೆ ಸಾಕಿತ್ತು. ಆದರೆ ಅಪ್ಪ ತನ್ನ ಜಾಗದಲ್ಲಿ ಕೆಂಪುಕಲ್ಲಿನ ಒಂದು ಪಾಗಾರ ಕಟ್ಟಿಸಿದರು, ದೊಡ್ಡಪ್ಪ ಹಟ ಹಿಡಿದು ತನ್ನ ಜಾಗದಲ್ಲಿ ಇನ್ನೊಂದು. ಮಧ್ಯೆ ಒಂದು ಗೇಣು ಸಂದು. ಅಲ್ಲಿ ಕಪ್ಪೆಗಳೂ ನಮ್ಮ ಹಳೆಯ ಕ್ರಿಕೆಟ್ ಚೆಂಡುಗಳೂ ಸುಖವಾಗಿದ್ದವು.

ಫೈನೈಟ್ ಎಲಿಮೆಂಟ್ ವಿಧಾನ ಬಹಳ ಸರಳ ಎಂದು ಪುಸ್ತಕ ಬೊಗಳೆ ಬಿಡುತ್ತದೆ. ಇಡೀ ಗೋಡೆಗೆ ಪಾರ್ಶಿಯಲ್ ಡಿಫರೆನ್ಷಿಯಲ್ ಸಮೀಕರಣ ಬಿಡಿಸಲು ಹೋದರೆ ತಲೆ ಕೆಡುತ್ತದೆ. ಅದಕ್ಕೇ ಗೋಡೆಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದಕ್ಕೂ ಲೆಕ್ಕ ಹಾಕಿ, ಆಮೇಲೆ ಎಲ್ಲವನ್ನೂ ಜೋಡಿಸುವುದು. ತುಂಡುಗಳು ಕೂಡುವ ಬಿಂದುವಿಗೆ ನೋಡ್ ಎನ್ನುತ್ತಾರೆ. ಅಕ್ಕಪಕ್ಕದ ತುಂಡುಗಳು ಒಂದೇ ನೋಡನ್ನು ಹಂಚಿಕೊಂಡರೆ ಮಾತ್ರ ಇದರ ಭಾರ ಅದಕ್ಕೆ ದಾಟುತ್ತದೆ. ತುಂಡು ಮಾಡುವುದು ನಮ್ಮ ಮನೆತನಕ್ಕೆ ಹುಟ್ಟುಗುಣ, ಅದು ಸಲೀಸಾಗಿ ಬಂತು.

"ಸಂದಿಗೆ ಕಾಂಕ್ರೀಟ್ ತುಂಬಿಸಿದ್ರೆ ಏನಾಗ್ತದೆ ನೋಡುವ" ಎಂದರು ಗೈಡ್ ಮೇಡಂ. ಕಂಪ್ಯೂಟರಿನಲ್ಲಿ ತುಂಬಿಸಿದೆ. ಏನೂ ಆಗಲಿಲ್ಲ. ಪರದೆಯಲ್ಲಿ ಭಾರವೆಲ್ಲ ಬಿದ್ದ ನಮ್ಮ ಗೋಡೆ ಕೆಂಡದಂತೆ ಕೆಂಪು, ಭಾರವೇ ತಾಗದ ದೊಡ್ಡಪ್ಪನದು ತಣ್ಣಗೆ ನೀಲಿ. ಇಡೀ ವಾರ ಆ ಸಾಫ್ಟ್‌ವೇರಿನ ವಂಶಕ್ಕೆಲ್ಲ ಶಾಪ ಹಾಕಿದೆ.

ಮೇಡಂ ಪರದೆಗೆ ಕಣ್ಣು ಹಾಯಿಸಿ ಹಣೆ ಚಚ್ಚಿಕೊಂಡರು. "ಎಂಥ ಮಾರಾಯ್ತಿ ಇದು! ಒಂದೇ ಜಾಗದಲ್ಲಿ ಎರಡೆರಡು ನೋಡ್ ಇಟ್ಟಿದ್ದಿ. ಗೋಡೆಗೆ ಒಂದು, ಕಾಂಕ್ರೀಟಿಗೆ ಇನ್ನೊಂದು. ಯಾವುದೂ ಯಾವುದಕ್ಕೂ ಅಂಟಿಕೊಂಡೇ ಇಲ್ಲ. ಯಾರು ಕಲಿಸಿದ್ದು ನಿಂಗೆ ಹೀಗೆ?"

ಯಾರೂ ಕಲಿಸಿರಲಿಲ್ಲ. ತಾಗಿಕೊಂಡಿದ್ದರೂ ಅವರವರ ಗಡಿ ಅವರವರಿಗೆ ಇರಬೇಕು ಎಂದೇ ಬೆಳೆದವಳು ನಾನು. ಅದು ತಪ್ಪೆಂದು ನನ್ನ ಮಂಡೆಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಅಪ್ಪ ಹಿಂದಿನಿಂದ ಇಣುಕಿದರು.

"ನಮ್ಮ ಪಾಗಾರ ಮಾತ್ರ ಕೆಂಪು ಯಾಕೆ?"

"ಭಾರ ಪೂರ್ತಿ ಅದಕ್ಕೇ ಅಪ್ಪ. ಕೆಂಪಾದಲ್ಲಿ ಒಡೀತದೆ."

"ಕೆಳಗಿನ ಮನೆಯವನದ್ದು ನೀಲಿಯಾ? ಅವನದ್ದಕ್ಕೂ ಸ್ವಲ್ಪ ಕೆಂಪು ಬಳಿ."

ನಗು ತಡೆದುಕೊಂಡು ಜೋಡಿ ನೋಡುಗಳನ್ನೆಲ್ಲ ಒಂದು ಮಾಡಿ ಮತ್ತೆ ಲೆಕ್ಕಕ್ಕೆ ಹಾಕಿದೆ. ನಮ್ಮ ಕೆಂಪು ಇಳಿಯಿತು, ಅವರ ನೀಲಿಯೂ ಹೋಯಿತು; ಎರಡೂ ಗೋಡೆ ಹಸಿರಾದವು. ನನಗೆ ಕುಣಿಯುವಷ್ಟು ಖುಷಿ.

"ಕೆಂಪು ಎಲ್ಲಿಗೆ ಹೋಯ್ತು?"

"ದೊಡ್ಡಪ್ಪನ ಗೋಡೆಯೂ ಭಾರ ಹೊರ್ತಾ ಉಂಟು. ಸಂದು ತುಂಬಿಸಿದ್ರೆ ಈ ಮಳೆಗೆ ಎರಡೂ ಬೀಳುವುದಿಲ್ಲ."

ಈಗ ಬೈಗುಳ ಬಿತ್ತು ಎಂದು ಕಾದು ಕುಳಿತೆ. ಅಪ್ಪ ಹೆಗಲ ಬೈರಾಸಿನಿಂದ ಪರದೆಯ ಧೂಳು ಒರೆಸಿದರು, ಕೆಳಗಿನ ಗೋಡೆಯನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಅಣ್ಣನದ್ದಕ್ಕೆ ಭಾರ ಹೆಚ್ಚಾಗ್ಲಿಕ್ಕಿಲ್ಲ ಅಲ್ವಾ?"