ಸೂರೆ ಮೀನು ಮತ್ತು ತಿರುಪ್ಪೂರಿನ ನುಣುಪು

2023ರ ಮಾರ್ಚ್‌ನಲ್ಲಿ ನಾನು ತಿರುಪ್ಪೂರಿನಿಂದ ಕುನ್ನತ್ತೂರಿಗೆ ಹೋಗುವ ದಾರಿಯ ಒಂದು ಚಿಕ್ಕ ನಿಟ್ಟಿಂಗ್ ಯೂನಿಟ್‌ನಲ್ಲಿ ಫಿನಿಶಿಂಗ್ ಮಾಸ್ಟರ್ ಆಗಿದ್ದೆ. ಈಗಲೂ ಆಗಿದ್ದೇನೆ, ಅದೇ ಆಶ್ಚರ್ಯ. ಯಂತ್ರದಿಂದ ಇಳಿದ ಬಟ್ಟೆಯನ್ನು ತೊಳೆದು, ಒಣಗಿಸಿ, ಕೊಳ್ಳುವವರ ಕೈಗೆ ಹಿತವಾಗುವಂತೆ ಮಾಡುವುದು ಈ ಕೆಲಸ. ಅಜ್ಜ, ಅಪ್ಪ ಇಬ್ಬರೂ ಮಗ್ಗದಲ್ಲಿ ಕೂತವರು. ಮನೆಮಾತಾದ ಕನ್ನಡವೂ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡುವ ಅಭ್ಯಾಸವೂ ನನಗೆ ಅವರಿಂದ ಬಂದವು. ಚಿಂತೆ ಮಾತ್ರ ಸ್ವಯಾರ್ಜಿತ.

ಬನಿಯನ್ ಬಟ್ಟೆಯ ಜೊತೆಗೆ ನಮ್ಮಲ್ಲಿ ಗಂಟಿಲ್ಲದ ನೈಲಾನ್ ಬಲೆಯನ್ನೂ ಹೆಣೆಯುತ್ತಾರೆ. ಆ ವರ್ಷ ತೂತುಕುಡಿ ಕಡೆಯ ಬೋಟಿನ ಯಜಮಾನರೊಬ್ಬರು ಇದೇ ಬಲೆಯಲ್ಲಿ ನಲವತ್ತು ಚೀಲ ಬೇಕೆಂದರು. ಹೆಸರು ಅಂತೋಣಿ. ಅಲ್ಲಿಯ ವಾಡಿಕೆಯಂತೆ ನಾವೂ ಅಣ್ಣಾಚಿ ಎಂದೇ ಕರೆದೆವು. ಅವರು ದೊಡ್ಡ ಟ್ಯೂನಾವನ್ನು, ಅವರ ಮಾತಿನಲ್ಲಿ ಸೂರೆಯನ್ನು, ಜೀವಂತ ಮೀನನ್ನೇ ಗಾಳಕ್ಕೆ ಸಿಕ್ಕಿಸಿ ಹಿಡಿಯುವವರು. ಆ ಚಿಕ್ಕ ಮೀನುಗಳನ್ನು ಬೋಟಿನ ತೊಟ್ಟಿಯಲ್ಲಿ, ಬಲೆಯ ಚೀಲದೊಳಗೆ ಬಿಟ್ಟಿರುತ್ತಾರೆ. ಗಂಟಿರುವ ಬಲೆಯಾದರೆ ಮೈ ಉಜ್ಜಿ ಪೊರೆ ಉದುರುತ್ತದೆ. ಪೊರೆ ಹೋದ ಮೀನು ಬದುಕುವುದಿಲ್ಲ. ಸತ್ತದ್ದನ್ನು ಸೂರೆ ತಿರುಗಿಯೂ ನೋಡುವುದಿಲ್ಲ.

ಬರೀ ಬಿಸಿನೀರಿನಲ್ಲಿ ತೊಳೆದ ಸ್ಯಾಂಪಲ್ ಕಳಿಸಿದ್ದೆವು. ಅಣ್ಣಾಚಿ ಮೆಚ್ಚಿದರು. ನಲವತ್ತೂ ತಯಾರಾದ ಮೇಲೆ ಒಂದನ್ನು ಕೆನ್ನೆಗೆ ಒತ್ತಿದೆ. ಒರಟು. ತಿರುಪ್ಪೂರಿನಿಂದ ಇಂಥ ಸರಕು ಹೋಗುವುದೇ? ಯಾರೂ ಕೇಳದಿದ್ದರೂ ಕೊನೆಯ ನೀರಿಗೆ ಸಾಫ್ಟ್‌ನರ್ ಬೆರೆಸಿದೆ. ಬಟ್ಟೆಗೆ ನುಣುಪು ಕೊಡುವ ದ್ರಾವಣ ಅದು. ಬಲೆ ರೇಷ್ಮೆಯಂತಾಯಿತು. ಅಂದು ಮಾತ್ರ ಚಿಂತೆಯಿಲ್ಲದೆ ಊಟ ಮಾಡಿದೆ.

ಮಾರ್ಚ್ ಕೊನೆಯಲ್ಲಿ ಫೋನ್ ಬಂತು.

"ಮಾಸ್ಟರ್, ನಿಮ್ಮ ಚೀಲಕ್ಕೆ ಬಿಟ್ಟ ಮೀನೆಲ್ಲಾ ಅರ್ಧ ಗಂಟೆಯೊಳಗೆ ಹೊಟ್ಟೆ ಮೇಲೆ ಮಾಡ್ತಾವೆ," ಎಂದರು ಅಣ್ಣಾಚಿ. ಅವರ ತಮಿಳನ್ನು ಇಲ್ಲಿ ಕನ್ನಡ ಮಾಡಿದ್ದೇನೆ. "ಹಳೇ ಬಲೆ ಹರಿದು ಬಿಸಾಕಿಬಿಟ್ಟೆ. ಏಪ್ರಿಲ್ ಹದಿನೈದಕ್ಕೆ ಕಡಲು ಮುಚ್ಚುತ್ತೆ. ಆಮೇಲೆ ಬೋಟು ತಮ್ಮನಿಗೆ. ನನ್ನ ಮೊಣಕಾಲು ಮುಗೀತು. ಒಂದೇ ಒಂದು ದೊಡ್ಡ ಸೂರೆ ಹಿಡಿದು ಇಳೀಬೇಕು ಅಂತಿದ್ದೆ."

ಕಡಲು ಮುಚ್ಚುವುದೆಂದರೆ ಮೀನು ಮೊಟ್ಟೆಯಿಡುವ ಕಾಲಕ್ಕೆ ಪ್ರತಿ ವರ್ಷ ಬೋಟುಗಳನ್ನು ನಿಲ್ಲಿಸುವ ಸರಕಾರದ ನಿಷೇಧ. ಉಳಿದದ್ದು ಎರಡೇ ವಾರ.

ಯೂನಿಟ್‌ನ ಮಾಲೀಕರಾದ ನಮ್ಮ ಮುದಲಾಳಿ ಸೆಂದಿಲ್ ಎದೆಗುಂದುವವರಲ್ಲ. "ಅವರ ತೊಟ್ಟಿ ನೀರು ಸರಿಯಿಲ್ಲ ಅಂದುಬಿಡಿ ಮಾಸ್ಟರ್. ಬಲೆ ಯಾವಾಗ ಮೀನನ್ನ ಕೊಂದಿದೆ?"

"ಬಲೆ ಇರೋದೇ ಅದಕ್ಕಲ್ವಾ ಸಾರ್," ಎಂದೆ. ಅವರು ನಗಲಿಲ್ಲ.

ಮರುದಿನ ತಿರುಪ್ಪೂರಿನ ಬಣ್ಣದ ಮೀನಿನ ಅಂಗಡಿಯಿಂದ ಹನ್ನೆರಡು ಮೀನು ತಂದು, ಮನೆಯ ತಾರಸಿಯಲ್ಲಿ ಎರಡು ಬಕೆಟ್ ಇಟ್ಟೆ. ಒಂದರಲ್ಲಿ ಉಳಿದಿದ್ದ ಸ್ಯಾಂಪಲ್ ಚೂರು, ಇನ್ನೊಂದರಲ್ಲಿ ನನ್ನ ರೇಷ್ಮೆಯದೊಂದು ಚೂರು, ಎರಡಕ್ಕೂ ಆರಾರು ಮೀನು. ಹೆಂಡತಿ ಲಕ್ಷ್ಮಿ ಬಟ್ಟೆ ಒಣಹಾಕಲು ಮೇಲೆ ಬಂದಳು.

"ಏನ್ರೀ ಇದು, ಮೀನಿನ ಅಂಗಡಿ ಇಡ್ತೀರಾ?"

"ಸುಮ್ನಿರು, ಕವಲೆಯಲ್ಲಿದ್ದೀನಿ."

"ಕವಲೆ ಇಲ್ದೆ ಎಂದಿದ್ರಿ? ಇಲ್ದಿದ್ರೆ ಯಾಕಿಲ್ಲ ಅಂತ ಅದೊಂದು ಕವಲೆ," ಎಂದು ಬಕೆಟ್ಟಿಗೆ ಬಗ್ಗಿದಳು. ಚಿಂತೆಗೆ ನಮ್ಮ ಮನೆಯಲ್ಲಿ ಈ ತಮಿಳು ಮಾತೇ ಚಲಾವಣೆ. "ಅಯ್ಯೋ, ಈ ನೀರಲ್ಲಿ ನೊರೆ ಯಾಕ್ರೀ?"

ರೇಷ್ಮೆಯ ಬಕೆಟ್ಟಿನ ಅಂಚಿಗೆ ಕಂಡೂ ಕಾಣದಷ್ಟು ನೊರೆ ಕಟ್ಟಿತ್ತು. ಮೀನುಗಳು ಬಾಯಿ ಮೇಲೆತ್ತಿ ಏದುಸಿರು ಬಿಡುತ್ತಿದ್ದವು. ಎತ್ತಿ ಪಕ್ಕದ ಬಕೆಟ್ಟಿಗೆ ಹಾಕುವಷ್ಟರಲ್ಲಿ ಎರಡು ಹೋದವು. ಯಾರ ಕೆನ್ನೆಗಾಗಿಯೋ ಬಲೆಗೆ ಹಾಕಿದ ನುಣುಪು ಅವುಗಳ ಕಿವಿರಿಗೆ ಅಂಟಿತ್ತು.

ಅಲ್ಲೇ ನಿಂತು ಫೋನ್ ಮಾಡಿದೆ. "ಅಣ್ಣಾಚಿ, ತಪ್ಪು ನಿಮ್ಮ ನೀರಿನದಲ್ಲ. ನನ್ನದು."

ಸಾಫ್ಟ್‌ನರ್ ಬೆರೆಸಿದ್ದನ್ನೆಲ್ಲ ಹೇಳಿದೆ. ಅವರು "ಮೀನಿಗೆ ಶಾಂಪೂ ಹಾಕಿದ್ರಾ ಮಾಸ್ಟರ್!" ಎಂದು ಕೆಮ್ಮು ಬರುವಷ್ಟು ನಕ್ಕರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಸೆಂದಿಲ್‌ಗೂ ಹೇಳಿದೆ. ತಲೆ ಚಚ್ಚಿಕೊಂಡರೂ ಯಂತ್ರ ಬಿಟ್ಟುಕೊಟ್ಟರು. ಸದ್ಯಕ್ಕೆ ಆರು ಹೊಸ ಚೀಲ ಹೆಣೆಸಿ, ಬಿಸಿನೀರಿನಲ್ಲಿ ಏಳು ಸಲ ಜಾಲಿಸಿದೆ. ತಾರಸಿಯ ಹತ್ತು ಮೀನೂ ಬೆಳಗಿನಿಂದ ಸಂಜೆವರೆಗೆ ಅವುಗಳಲ್ಲೊಂದರಲ್ಲಿ ಆರಾಮಾಗಿದ್ದವು. ಆದರೆ ಇವು ಸಿಹಿನೀರಿನವು, ಉಪ್ಪುನೀರಿನವು ಒಪ್ಪಬೇಕಲ್ಲ? ಕೊರಿಯರ್‌ಗೆ ಕೊಡಲು ಮನಸ್ಸಾಗದೆ ನಾನೇ ಚೀಲ ಹೊತ್ತು ತೂತುಕುಡಿಯ ಬಸ್ಸು ಹತ್ತಿದೆ.

ದಡದಲ್ಲಿ ಕೊಟ್ಟು ಬರುವುದೆಂದುಕೊಂಡಿದ್ದೆ. ಅಣ್ಣಾಚಿ ಬಿಡಲಿಲ್ಲ. "ತೊಟ್ಟಿ ಪಕ್ಕ ನೀವೇ ಕೂರಬೇಕು."

ಹೀಗೆ ಏಪ್ರಿಲ್ ಎರಡನೇ ವಾರದ ಒಂದು ಮುಂಜಾನೆ ನಾನು ಕಡಲಿನಲ್ಲಿದ್ದೆ. ಎಂಜಿನ್ ಹಿಡಿದವರು ಅಣ್ಣಾಚಿಯ ತಮ್ಮ ಸೇವಿಯರ್. ದಡದ ಹತ್ತಿರವೇ ಸಣ್ಣ ಗಾಳಗಳಲ್ಲಿ ಗೇಣುದ್ದದ ಸಾಳೈ ಮೀನು ಹಿಡಿದು ಚೀಲಕ್ಕೆ ಬಿಟ್ಟರು. ಮಂಗಳೂರಿನ ಕಡೆ ಅದನ್ನು ಬೂತಾಯಿ ಎನ್ನುತ್ತಾರಂತೆ. ಮೂವತ್ತೊಂದು. ನನ್ನ ಒಂದು ಕಣ್ಣು ಅವುಗಳ ಮೇಲೆ, ಮುಖ ಬೋಟಿನಾಚೆಗೆ. ಹಿಂದಿನ ರಾತ್ರಿ ತಿಂದ ಪರೋಟ ಕಡಲಿಗೆ. ಎರಡು ಗಂಟೆ ಕಳೆದರೂ ಮೀನುಗಳು ಚುರುಕಾಗಿದ್ದವು. ಅಷ್ಟರಲ್ಲಿ ಒಂದು ವಾಲಿತು.

"ಅಣ್ಣಾಚಿ! ಹೋಯ್ತು!"

ಅವರು ಕುಂಟುತ್ತ ಬಂದು ಎತ್ತಿ ನೋಡಿದರು. "ಇದು ಗಾಳದ ಗಾಯ ಮಾಸ್ಟರ್. ಲೋಕದ ಸಾವೆಲ್ಲ ನಿಮ್ಮ ಲೆಕ್ಕಕ್ಕೇ ಯಾಕೆ ಬರ್ಕೋತೀರಿ?"

ಹನ್ನೊಂದರ ಸುಮಾರಿಗೆ ಹಕ್ಕಿಗಳು ನೀರಿಗೆ ಎರಗುತ್ತಿದ್ದ ಕಡೆ ಸೇವಿಯರ್ ಎಂಜಿನ್ ತಗ್ಗಿಸಿದರು. ಅಣ್ಣಾಚಿ ಚೀಲವನ್ನು ಮೆಲ್ಲಗೆ ಎತ್ತಿ, ಒಂದು ಸಾಳೈಯನ್ನು ಒದ್ದೆ ಕೈಯಲ್ಲಿ ಹಿಡಿದು, ಬೆನ್ನಿಗೆ ಗಾಳ ಸಿಕ್ಕಿಸಿ ಬಿಟ್ಟರು. ಅದು ನೇರ ಕೆಳಗೆ ಈಜಿತು. ಎರಡನೆಯದೂ ಈಜಿತು, ಮೂರನೆಯದೂ. ಸೂರೆ ಬರಲಿಲ್ಲ. ನಾಲ್ಕನೆಯದನ್ನು ಬಿಟ್ಟಾಗ ನಾನು ಉಳಿದವನ್ನು ಎಣಿಸುತ್ತಿದ್ದೆ. ಗಾಳದ ಹಗ್ಗ ಬುರ್ರೆಂದು ಓಡಿದ ಸದ್ದು ಕೇಳಿ ತಿರುಗುವಷ್ಟರಲ್ಲಿ ಮುಖ್ಯವಾದದ್ದೆಲ್ಲ ಆಗಿಹೋಗಿತ್ತು. ಇಷ್ಟು ದೂರ ಬಂದು, ದೊಡ್ಡ ಮೀನು ಕಚ್ಚುವ ಹೊತ್ತಿಗೆ ಚಿಕ್ಕ ಮೀನು ನೋಡುತ್ತ ಕೂತವನು ನಾನೊಬ್ಬನೇ ಇರಬೇಕು.

ಐವತ್ತು ನಿಮಿಷ. ಅಣ್ಣಾಚಿ ಎಳೆದರು, ಸಡಿಲ ಬಿಟ್ಟರು, ಬೈದರು, ಮುದ್ದು ಮಾಡಿದರು. ಸೇವಿಯರ್ ಕೈ ಚಾಚಿದಾಗ "ಬೇಡ ತಂಬಿ" ಎಂದರು. ಕೊನೆಯಲ್ಲಿ ಬೋಟಿಗೆ ಎಳೆದು ಹಾಕಲು ಮಾತ್ರ ಮೂವರೂ ಬೇಕಾಯಿತು. ಮೈಯೆಲ್ಲ ನೀಲಿ ಉಕ್ಕು, ರೆಕ್ಕೆ ಅರಿಶಿನ. ದಡದ ತಕ್ಕಡಿ ನಲವತ್ತಾರು ಕಿಲೋ ಎಂದಿತು.

ಅಣ್ಣಾಚಿ ಮೀನಿನ ಪಕ್ಕ ಕಾಲು ಚಾಚಿ ಕೂತು, ಖಾಲಿ ಚೀಲವೊಂದನ್ನು ಕೆನ್ನೆಗೆ ಒತ್ತಿಕೊಂಡರು. ನನ್ನ ಅಭ್ಯಾಸದ ಬಗ್ಗೆ ನಾನೇ ಹೇಳಿದ್ದೆ. "ಒರಟು," ಎಂದರು. "ರೊಂಬ ಒರಟು. ಹೀಗೇ ಇರ್ಲಿ." ಆಮೇಲೆ ತಮ್ಮನ ಕಡೆ ತಿರುಗಿ, "ಇನ್ಮೇಲೆ ನೀನೇ ಹಿಡಿ," ಎಂದು ಬೋಟಿನ ಕೀಲಿಕೈ ಎಸೆದರು.

ನಾವು ಮಾಡಿದ ವಸ್ತುವನ್ನು ಮುಟ್ಟುವವರು ಅದನ್ನು ಕೊಂಡವರೊಬ್ಬರೇ ಅಲ್ಲ ಎಂದು ನನ್ನ ಕೆಲಸ ಕಲಿಸಿದ್ದು ಅಂದು. ನಮ್ಮ ಫಿನಿಶಿಂಗ್ ಕಾರ್ಡಿನಲ್ಲಿ ಕೈಗೆ ಹೇಗಿದೆ ಎಂದು ಬರೆಯಲು ಒಂದು ಖಾನೆ ಇದೆ. ಉಳಿದ ಮೂವತ್ತನಾಲ್ಕು ಚೀಲ ಹೊಸದಾಗಿ ಹೋಗುವಾಗ ಆ ಖಾನೆಯಲ್ಲಿ ಬರೆದೆ: "ಮೀನನ್ನು ಕೇಳಲಾಗಿದೆ." ಸೆಂದಿಲ್ ಓದಿ ಸಹಿ ಹಾಕಿದರು. ತಾರಸಿಯ ಹತ್ತು ಮೀನು ಈಗಲೂ ನಮ್ಮ ಮನೆಯಲ್ಲೇ ಇವೆ. ರಜೆಗೆ ಎಲ್ಲಿಗಾದರೂ ಹೋದರೆ ಅವಕ್ಕೆ ಊಟ ಹಾಕುವವರು ಯಾರು ಎಂಬುದು ನನ್ನ ಈಗಿನ ಕವಲೆ.