ಗಂಜಿಯಮ್ಮನ ಸೊಟ್ಟ ಹೊಲಿಗೆ

‘ರೋಗಿ ಬಯಸಿದ್ದು ಸುಮ್ಮನಿರುವುದು, ವೈದ್ಯ ಹೇಳಿದ್ದು ಕೆಮ್ಮುವುದು.’ ಗಾದೆ ಹೀಗಿಲ್ಲ, ಗೊತ್ತು. ಅದರೊಳಗಿನ ಹಾಲು-ಅನ್ನ ಚೆಲ್ಲಿದವನು ನಾನೇ. ಆದರೆ ಇನ್ನು ಹೇಳುವುದೆಲ್ಲ ಅಪ್ಪಟ ನಿಜ. ಗಂಟು ಬಿಚ್ಚಿದ್ದೇನೆ ಅಷ್ಟೇ, ಇಸ್ತ್ರಿ ಹಾಕಿಲ್ಲ.

ಬೆಳಕು ಇನ್ನೂ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ದೊಡ್ಡ ಯಂತ್ರ ಅಜೀರ್ಣವಾದವರ ಹೊಟ್ಟೆಯಂತೆ ಗುಡುಗುಡು ಎನ್ನುತ್ತಿದೆ. ವಾರ್ಡುಗಳಿಂದ ಬಂದ ಬೆಡ್‌ಶೀಟುಗಳನ್ನು ಒಂದೊಂದಾಗಿ ಎರಡು ತುದಿ ಹಿಡಿದು ಛಟ್ಟನೆ ಕೊಡವುತ್ತಿದ್ದಾರೆ ಗಂಜಿಯಮ್ಮ. ಕೊಡವದೆ ಯಾವುದೂ ನೀರಿಗಿಳಿಯುವಂತಿಲ್ಲ. ಕನ್ನಡಕ ಉದುರಿದ್ದುಂಟು, ಉಂಗುರ ಉದುರಿದ್ದುಂಟು. ಒಮ್ಮೆ ಒಂದು ಇಡೀ ಹಲ್ಲುಸೆಟ್ಟು.

“ಹಲ್ಲು ಇಲ್ಲಿ ಸ್ನಾನಕ್ಕೆ ಬಂದಿತ್ತು. ಯಜಮಾನ್ರು ಮೇಲೆ ಬಾಯಿ ಮುಚ್ಕೊಂಡು ಕೂತಿದ್ರು” ಎನ್ನುತ್ತಾರೆ, ತಾವು ಮಾತ್ರ ನಗದೆ. ಗಂಜಿ ಹಾಕಿ ಒಣಗಿಸಿದ ಕಾಲರ್‌ನಂಥ ಆ ಮುಖದಿಂದಲೇ ಅವರಿಗೆ ಈ ಅಡ್ಡಹೆಸರು. ಸ್ವಂತ ಹೆಸರು ಹಿಡಿದು ಕರೆದರೆ ಯಾರನ್ನೋ ಕರೆದರೆಂದು ಅವರೇ ಹಿಂದೆ ತಿರುಗಿ ನೋಡುತ್ತಾರೆ.

ದಿನಕ್ಕೆ ಮುನ್ನೂರರ ಮೇಲೆ ಬೆಡ್‌ಶೀಟುಗಳು ಅವರ ಕೈ ದಾಟುತ್ತವೆ. ಗುಣವಾಗಿ ಮನೆಗೆ ಹೋಗುವವರು ಡಾಕ್ಟರಿಗೆ ಕೈ ಮುಗಿಯುತ್ತಾರೆ, ನರ್ಸಿಗೆ ಥ್ಯಾಂಕ್ಸ್ ಹೇಳುತ್ತಾರೆ. ಬೆನ್ನ ಕೆಳಗೆ ಸುಕ್ಕಿಲ್ಲದೆ ಮಲಗಿದ್ದು ಯಾರ ದಯೆ ಎಂದು ಯಾರೂ ಕೇಳುವುದಿಲ್ಲ. “ರಕ್ತದ ಕಲೆಗೆ ಮೊದ್ಲು ತಣ್ಣೀರು. ಬಿಸಿನೀರು ಸೋಕ್ತೋ, ಕಲೆ ಮನೆ ಅಳಿಯನ ಥರ. ಏನು ಮಾಡಿದ್ರೂ ಹೋಗಲ್ಲ.”

ಈ ವಾರ ಅವರು ಇಲ್ಲಿರಬೇಕಾಗಿರಲಿಲ್ಲ. ಬೇರೆ ಊರಿನಲ್ಲಿ ಟೀಚರಾಗಿರುವ ಮಗಳು ರಜೆಗೆ ಬಂದಿದ್ದಳು. ಅಪ್ಪ, ಅಮ್ಮ, ಮಗಳು ಸಮುದ್ರ ನೋಡಲು ಹೊರಟಿದ್ದರು. ಹೊರಡುವ ದಿನವೇ ಗಂಡನ ಕರುಳು ತಿರುಚಿಕೊಂಡಿತು. ಇದೇ ಆಸ್ಪತ್ರೆಯಲ್ಲಿ ತುರ್ತು ಆಪರೇಷನ್ ಆಗಿ, ಮೂರನೇ ಮಹಡಿಯಲ್ಲಿ ಮಲಗಿದ್ದಾರೆ. ಗಂಜಿಯಮ್ಮ ರಜೆ ಬಿಟ್ಟು ಕೆಲಸಕ್ಕೆ ಬಂದರು. “ಮನೇಲಿ ಕೂತ್ರೆ ಗೋಡೆ ನೋಡ್ಬೇಕು. ಇಲ್ಲಿದ್ರೆ ಅವರು ಮಲಗೋ ಬಟ್ಟೆನಾದ್ರೂ ನನ್ನ ಕೈಲೇ ಒಗೀತೀನಿ.”

ಆಪರೇಷನ್ ಸಲೀಸಾಗಿಯೇ ಆಯಿತು. ಕಷ್ಟ ಶುರುವಾದದ್ದು ಆಮೇಲೆ. ಎದೆಯಲ್ಲಿ ಕಟ್ಟಿದ ಕಫ ಹೊರಗೆ ಬರಬೇಕಾದರೆ ರೋಗಿ ಜೋರಾಗಿ ಕೆಮ್ಮಬೇಕು. ನರ್ಸಮ್ಮನದು ಬಸ್ ಕಂಡಕ್ಟರ್ ಗಂಟಲು: “ಕೆಮ್ಮೀ ಕೆಮ್ಮೀ! ಒಳಗಿರೋರೆಲ್ಲಾ ಬೇಗ ಬೇಗ ಇಳೀರಿ!” ರೋಗಿಯಿಂದ ಬರುವುದು ಮಾತ್ರ ಬೆಕ್ಕಿನ ಮರಿಯ ‘ಉಹ್’.

ರೋಗಿ ವೃತ್ತಿಯಿಂದ ದರ್ಜಿ. ಬಟ್ಟೆಯಂಗಡಿಯ ಮೂಲೆಯಲ್ಲಿ ಮಿಷನ್ ತುಳಿದೇ ತಲೆ ನರೆತವರು. ಬೇರೆಯವರ ಹೊಲಿಗೆಯನ್ನು ಜನ್ಮದಲ್ಲಿ ನಂಬಿದವರಲ್ಲ. ಬ್ಯಾಂಡೇಜ್ ಬದಲಿಸುವಾಗ ತಮ್ಮ ಹೊಟ್ಟೆಯನ್ನು ತಾವೇ ನೋಡಿಬಿಟ್ಟರು.

“ಇದೇನ್ ಸಾರ್, ಇಷ್ಟು ದೂರ ದೂರ ಹಾಕಿದೀರಿ? ಗೋಣಿಚೀಲಕ್ಕೂ ನಾನು ಹೀಗೆ ಹೊಲಿಯಲ್ಲ. ಕೆಮ್ಮಿದ್ರೆ ಬಿಚ್ಕೊಳ್ಳುತ್ತೆ.”

“ಒಳಗಡೆ ಇನ್ನೂ ಗಟ್ಟಿ ಹೊಲಿಗೆ ಇದೆ ಯಜಮಾನ್ರೇ” ಎಂದರು ಡಾಕ್ಟರು.

“ನಾವೂ ಗಿರಾಕಿಗೆ ಹಾಗೇ ಹೇಳೋದು.”

ನಿನ್ನೆ ಸಂಜೆ ಜ್ವರ ಬಂತು. ಬೆಳಗ್ಗೆಯೂ ಕೆಮ್ಮದಿದ್ದರೆ ಐಸಿಯುಗೆ ಒಯ್ಯಬೇಕಾಗುತ್ತದೆ ಎಂದು ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು ಹೇಳಿದರು. ತಾಯಿ-ಮಗಳು ಆಗ ಏನು ಗುಸುಗುಸು ಮಾತಾಡಿಕೊಂಡರೋ.

ಈಗ ಬೆಳಕಾಗಿದೆ. ಒಗೆದು ಮಡಿಸಿದ ಪೈಜಾಮ ಹಿಡಿದು ಗಂಜಿಯಮ್ಮ ಮೇಲಕ್ಕೆ ಬರುತ್ತಾರೆ. ಬಿಗಿಯಾಗಿ ಸುತ್ತಿದ ಟವೆಲ್ಲೊಂದನ್ನು ಗಂಡನ ಹೊಟ್ಟೆಯ ಮೇಲಿಡುತ್ತಾರೆ. ಕೆಮ್ಮುವಾಗ ಒತ್ತಿ ಹಿಡಿದರೆ ನೋವು ಕಡಿಮೆ. “ಕೂತ್ಕೊಳ್ರೀ, ಪೈಜಾಮ ಬದಲಾಯಿಸೋಣ.”

ಮಗಳು ಅಪ್ಪನ ಬಲಗಾಲನ್ನು ತೂರಿಸುತ್ತಾಳೆ. ಕಾಲು ಒಳಗೆ ಹೋಗುತ್ತದೆ, ಆಚೆ ಬರುವುದಿಲ್ಲ.

“ಲೇ, ನನ್ ಕಾಲೆಲ್ಲಿ ಹೋಯ್ತೇ?”

“ಪೂರ್ತಿ ತಳ್ಳಪ್ಪಾ.”

“ತಳ್ತಾನೇ ಇದೀನಿ! ಇದಕ್ಕೆ ಬಾಯೇ ಇಲ್ಲ!” ಕನ್ನಡಕ ಏರಿಸಿ ಪೈಜಾಮದ ತುದಿ ಎಳೆದು ನೋಡುತ್ತಾರೆ. ಕಾಲು ಹೊರಬರಬೇಕಾದ ಜಾಗವನ್ನು ಬಿಳಿ ದಾರದಿಂದ ಸೊಟ್ಟಸೊಟ್ಟಗೆ ಮುಚ್ಚಿ ಹೊಲಿಯಲಾಗಿದೆ. “ಯಾವ ದರಿದ್ರದ ಕೈ ಇದು?”

“ನಂದೇ” ಎನ್ನುತ್ತಾರೆ ಗಂಜಿಯಮ್ಮ. “ದರ್ಜಿ ಮನೇಲಿ ಸೂಜಿ ಮುಟ್ಟೋ ಯೋಗ ಇವತ್ತು ಬಂತು. ಕಿತ್ಹಾಕಿ ನೋಡೋಣ.”

ದರ್ಜಿ ಬೆರಳಲ್ಲಿ ಮೀಟುತ್ತಾರೆ, ಉಗುರಲ್ಲಿ ಕೀಳುತ್ತಾರೆ. ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಪಕ್ಕದ ಹಾಸಿಗೆಯವರು ಎದ್ದು ಕೂತಿದ್ದಾರೆ.

“ಬಟ್ಟೆ ಒಗೆಯೋ ನಾನು ಹಾಕಿದ್ದನ್ನೇ ಬಿಚ್ಚಕ್ಕಾಗ್ತಿಲ್ಲ ನಿಮ್ ಕೈಲಿ. ಡಾಕ್ಟ್ರು ಓದಿ ಬಂದು ಹೊಲಿದಿರೋದು ಒಂದು ಕೆಮ್ಮಿಗೆ ಬಿಚ್ಚುತ್ತೇನ್ರೀ?”

ದರ್ಜಿ ಹೆಂಡತಿಯ ಮುಖ ನೋಡುತ್ತಾರೆ, ಪೈಜಾಮ ನೋಡುತ್ತಾರೆ. ಭುಜ ಅಲುಗತೊಡಗುತ್ತದೆ. “ನಗಿಸ್ಬೇಡ್ವೇ... ಅಯ್ಯಯ್ಯೋ... ಬೇಡ್ವೇ...” ನಗು ಗಂಟಲಲ್ಲಿ ಸಿಕ್ಕಿ ಕೆಮ್ಮಾಗುತ್ತದೆ. ಒಂದು, ಇನ್ನೊಂದು, ಆಮೇಲೆ ಕಿಟಕಿ ನಡುಗುವಂಥದ್ದು. ನರ್ಸಮ್ಮ ಬೋಗುಣಿ ಹಿಡಿದು ಓಡಿಬರುತ್ತಾರೆ. ಕಟ್ಟಿದ್ದ ಕಫವೆಲ್ಲ ಅದಕ್ಕೆ ಬೀಳುತ್ತದೆ. ಬ್ಯಾಂಡೇಜ್ ಸರಿಸಿ ಇಣುಕಿದವರು ಕಂಡಕ್ಟರ್ ದನಿಯಲ್ಲೇ ಸಾರುತ್ತಾರೆ: “ಒಂದು ಹೊಲಿಗೇನೂ ಬಿಚ್ಚಿಲ್ಲ! ರೈಟ್ ರೈಟ್!”

ಮಗಳು ಮುಖ ಮುಚ್ಚಿಕೊಂಡು ಒಂದು ಗಳಿಗೆ ಅಳುತ್ತಾಳೆ. ಗಂಜಿಯಮ್ಮ ಸ್ಟೂಲು ಎಳೆದುಕೊಂಡು ಕೂರುತ್ತಾರೆ. “ಸಮುದ್ರ ಎಲ್ಲೂ ಓಡಿಹೋಗಲ್ಲ. ಇವರು ಒಬ್ರು ಇದ್ರೆ ಸಾಕು, ಇಲ್ಲೇ ನಮ್ಮ ರಜೆ.” ಆಮೇಲೆ ಗಂಡನ ಕಡೆ ತಿರುಗುತ್ತಾರೆ, ಮುಖ ಒಂದಿಷ್ಟೂ ಸಡಿಲಿಸದೆ: “ಎಡಗಾಲು ಯಾಕ್ ಸುಮ್ನಿದೆ? ಅದಕ್ಕೂ ಹೊಲಿದಿದೀನಿ.”

ವಾರ್ಡಿಗೆ ವಾರ್ಡೇ ನಗುತ್ತದೆ. ಎಲ್ಲರಿಗಿಂತ ಜೋರಾಗಿ ನಗುತ್ತಿರುವವರು ದರ್ಜಿ. ಹೊಟ್ಟೆಗೆ ಒತ್ತಿ ಹಿಡಿಯಬೇಕಾದ ಟವೆಲ್ಲು ನೆಲದ ಮೇಲೆ ಬಿದ್ದಿದೆ; ಅವರಿಗೆ ಅದರ ಪರಿವೆಯೇ ಇಲ್ಲ.